ಯಾರೂ ಆಡದ ಆರಕ್ಷರ

ದಹಿಸರ್, ೯ ಮಾರ್ಚ್ ೨೦೨೫

ಮಗ ಬಸವರಾಜನಿಗೆ ಮನೆಯಿಂದ ಅಪ್ಪನ ಆಶೀರ್ವಾದ.

ಅದಕ್ಕೂ ಮೊದಲು, ಜೈಲಿನ ಆಫೀಸಿನಲ್ಲಿ ಕುಳಿತು ಈ ಪತ್ರವನ್ನು ಒಡೆದು ಓದುವ ಸಾಹೇಬರಿಗೆ ನಮಸ್ಕಾರ. ಕೈದಿಗಳ ಪತ್ರವನ್ನು ನೀವು ಓದಿಯೇ ಒಳಗೆ ಕೊಡುತ್ತೀರಿ ಎಂದು ವಕೀಲರು ಹೇಳಿದ್ದಾರೆ. ಓದಿ, ನಮ್ಮದೇನೂ ಅಭ್ಯಂತರವಿಲ್ಲ. ನಾನು ದಾದರಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದವನು, ಮೂಲ ಇಂಡಿ ತಾಲೂಕು. ನನ್ನ ಮಗ ಅಂಧೇರಿಯ ಒಂದು ಕಾಲ್ ಸೆಂಟರಿನಲ್ಲಿ ಹುಡುಗರಿಗೆ ಇಂಗ್ಲಿಷ್ ಮಾತನಾಡಲು ಕಲಿಸುತ್ತಿದ್ದ. ಆ ಹುಡುಗರು ಪರದೇಶದ ಮುದುಕ ಮುದುಕಿಯರಿಗೆ ಫೋನು ಮಾಡಿ, ನಿಮ್ಮ ಕಂಪ್ಯೂಟರು ಕೆಟ್ಟಿದೆ ಎಂದು ಹೆದರಿಸಿ ದುಡ್ಡು ಕೀಳುತ್ತಿದ್ದರಂತೆ. ಮಾಲೀಕ ಓಡಿಹೋದ, ಕೆಲಸಕ್ಕಿದ್ದವರು ಸಿಕ್ಕಿಬಿದ್ದರು. ಇಷ್ಟು ನಿಮಗೂ ಗೊತ್ತಿರಬೇಕು. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಬಸು, ಕೇಸಿನ ವಿಷಯ ಪತ್ರದಲ್ಲಿ ಎತ್ತಲೇಬಾರದು ಎಂದು ನಮ್ಮ ವಕೀಲೆ ಪ್ರಣೀತಾ ಕಟ್ಟುನಿಟ್ಟಾಗಿ ಹೇಳಿದ್ದಾಳೆ. ನಾನು ಕೇಳಿದ್ದು, ನೀನು ಹೇಳಿದ್ದು ಎಲ್ಲ ಫೈಲು ಸೇರುತ್ತದಂತೆ. ಮುಲಾಖಾತಿನಲ್ಲಿ ಮಾತನಾಡೋಣವೆಂದರೆ ಗಾಜಿನ ಆಚೆ ನೀನು, ಈಚೆ ಫೋನು ಹಿಡಿದ ನಿನ್ನ ಅವ್ವ. ಸಿಕ್ಕ ಹೊತ್ತನ್ನೆಲ್ಲ ಅವಳು ಅತ್ತು ಮುಗಿಸುತ್ತಾಳೆ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ಲೈನು ಕಟ್. ಹಾಗಾದರೆ ಏನು ಬರೆಯಲಿ? ನಮ್ಮ ಹಳೆಯ ಆಟವನ್ನೇ ಹಿಡಿದಿದ್ದೇನೆ.

ನಿನ್ನನ್ನು ದಾದರಿನ ಕನ್ನಡ ಶಾಲೆಗೆ ಬಿಡಲು ಲೋಕಲ್ ರೈಲಿನಲ್ಲಿ ಹೋಗುತ್ತಿದ್ದಾಗ ದಿನಕ್ಕೊಂದು ಪದ ಕೊಡುತ್ತಿದ್ದೆನಲ್ಲ. ಇಂಗ್ಲಿಷಿನದಾಗಿರಬೇಕು, ಆರೇ ಅಕ್ಷರ ಇರಬೇಕು, ಡಿಕ್ಷನರಿಯಲ್ಲಿ ಇರಬೇಕು, ಆದರೆ ಸದ್ಯಕ್ಕೆ ಯಾರೂ ಅದನ್ನು ಆಡುತ್ತಿರಬಾರದು. ಪೇಪರಿನ ಪದಬಂಧದಲ್ಲಿ ಆರು ಮನೆಯ ಸಾಲುಗಳೇ ನನ್ನನ್ನು ಸೋಲಿಸುತ್ತಿದ್ದವು, ಅದಕ್ಕೇ ಆರು. ಇಂದಿನ ಪದ ಗೌಪೆನ್. ಅಂಚಿನಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ, ನೋಡು. ಎರಡು ಅಂಗೈ ಜೋಡಿಸಿದರೆ ಆಗುವ ಕುಳಿ, ಅದರಲ್ಲಿ ಹಿಡಿಸುವಷ್ಟು ಕಾಳು ಅಥವಾ ಹಿಟ್ಟು. ನಿನ್ನ ಅವ್ವನಿಗೆ ಓದಿ ಹೇಳಿದೆ. "ಬೊಗಸಿ ಅನ್ರಿ. ಅದಕ್ಯಾಕ ಇಷ್ಟು ಗುದ್ದಾಡ್ತೀರಿ" ಎಂದು ರೊಟ್ಟಿ ಬಡಿಯಲು ಹೋದಳು. ಅವಳ ಎದುರು ನಾನು ಯಾವ ಪದದಲ್ಲೂ ಗೆದ್ದಿಲ್ಲ.

ಜಾಮೀನಿನ ಅರ್ಜಿ ಏಪ್ರಿಲ್ಲಿನಲ್ಲಿ ಬರುತ್ತದೆ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಪ್ಪ,
ಈರಣ್ಣ


ಜೈಲು, ೩೦ ಮಾರ್ಚ್ ೨೦೨೫

ಅಪ್ಪಾ, ಅವ್ವಾ,

ಪತ್ರ ನಿನ್ನೆ ಸಿಕ್ಕಿತು. ಮರಾಠಿ, ಹಿಂದಿ ಪತ್ರಗಳು ಇಲ್ಲಿ ಬೇಗ ಒಳಗೆ ಬರುತ್ತವೆ. ಕನ್ನಡ ಓದುವವರು ಇಡೀ ಜೈಲಿನಲ್ಲಿ ಒಬ್ಬರೇ, ಯಲ್ಲಾಲಿಂಗ ಅಂತ ಹವಾಲ್ದಾರ್, ಅಫಜಲಪುರದ ಕಡೆಯವರು. ಅವರು ರಜೆ ಹಾಕಿದರೆ ನನ್ನ ಪತ್ರಕ್ಕೂ ರಜೆ. ನಿಮ್ಮ ನಮಸ್ಕಾರ ಅವರಿಗೆ ಮುಟ್ಟಿದೆ. "ನಿಮ್ಮಪ್ಪ ನನಗ ಸಾಹೇಬ್ರು ಅಂದಾರ ತಮ್ಮಾ, ಮನ್ಯಾಗ ಯಾರೂ ಹಂಗ ಅನ್ನಂಗಿಲ್ಲ" ಎಂದು ನಕ್ಕರು.

ನನ್ನ ಕನ್ನಡ ತಪ್ಪಿದ್ದರೆ ಬೈಯಬೇಡಿ. ಇಲ್ಲಿ ದಿನವಿಡೀ ಹಿಂದಿ, ಬರೆಯಲು ಕುಳಿತರೆ ಒತ್ತಕ್ಷರ ಎಲ್ಲಿ ಹಾಕಬೇಕೆಂದು ಯೋಚಿಸಬೇಕಾಗುತ್ತದೆ.

ನನ್ನ ಪದ ಫ್ರೌಸ್ಟ್. ಬಹಳ ಜನ ಇರುವ, ಕಿಟಕಿ ಮುಚ್ಚಿದ ಕೋಣೆಯ ಬೆಚ್ಚಗಿನ ಕೆಟ್ಟ ಗಾಳಿ. ಇದನ್ನು ಓದಿದ್ದು ಯಾವಾಗಲೋ, ಉಪಯೋಗಕ್ಕೆ ಬಂದದ್ದು ಈಗ. ಮಗ್ಗುಲು ಬದಲಿಸಬೇಕೆಂದರೆ ಪಕ್ಕದವನನ್ನು ಎಬ್ಬಿಸಬೇಕು. ಅವ್ವನಿಗೆ ಇದನ್ನು ಓದಿ ಹೇಳಬೇಡಿ.

ಕೇಸಿನ ವಿಷಯ ನೀವು ಬರೆದಿಲ್ಲ. ಗಾಜಿನ ಆಚೆ ನಿಂತಾಗಲೂ ಕೇಳಿಲ್ಲ. ವಕೀಲರು ಬೇಡ ಅಂದದ್ದಕ್ಕೋ, ಇಲ್ಲ ಬೇರೆ ಕಾರಣಕ್ಕೋ ಅಂತ ಯೋಚಿಸುತ್ತಿರುತ್ತೇನೆ. ಹೋಗಲಿ ಬಿಡಿ.

ಇವತ್ತು ಯುಗಾದಿ. ಇಲ್ಲಿ ಬೇವೂ ಇಲ್ಲ, ಬೆಲ್ಲವೂ ಇಲ್ಲ. ಚಹಾ ಮಾತ್ರ ಸಿಹಿ ಇತ್ತು.

ನಿಮ್ಮ ಬಸು


ದಹಿಸರ್, ೨೦ ಏಪ್ರಿಲ್ ೨೦೨೫

ಬಸು,

ಫ್ರೌಸ್ಟ್ ಪದವನ್ನು ನಿನ್ನ ಅವ್ವನಿಗೆ ಹೇಳಿಲ್ಲ. ಆದರೆ ಪತ್ರ ಬಂದ ದಿನದಿಂದ ಅವಳು ಮನೆಯ ಕಿಟಕಿ ಮುಚ್ಚಲು ಬಿಡುತ್ತಿಲ್ಲ. ಸೊಳ್ಳೆ ಕಡಿಸಿಕೊಂಡು ಮಲಗುತ್ತಿದ್ದೇವೆ. ನಾನು ಊರಿನ ಪೇಪರು ತರಲು ಹೋದಾಗ ಕೆಳಗಿನ ಮನೆಯ ಸೋಮನಾಥನ ಮಗಳಿಂದ ಪತ್ರ ಓದಿಸಿಕೊಂಡಿದ್ದಾಳೆ ಎಂದು ಆಮೇಲೆ ತಿಳಿಯಿತು.

ಜಾಮೀನಿನ ತಾರೀಖು ಜೂನಿಗೆ ಹೋಯಿತು. ಸರಕಾರದ ವಕೀಲರು ಬಂದಿರಲಿಲ್ಲ. ನಾವು ಬೆಳಿಗ್ಗೆ ಹೋಗಿ ಬೆಂಚಿನ ಮೇಲೆ ಕುಳಿತು, ಮಧ್ಯಾಹ್ನ ಎದ್ದು ಬಂದೆವು. ನಿನ್ನ ಅವ್ವ ನಿನಗೆಂದು ಹೊಸ ಅಂಗಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಜಾಮೀನು ಸಿಕ್ಕರೂ ಅಂದೇ ಬಿಡುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಆ ಚೀಲವನ್ನು ಹೊತ್ತು ಲೋಕಲ್ಲಿನಲ್ಲಿ ನಿಂತೇ ಬಂದಳು.

ಅದೇ ಸೋಮನಾಥ ಬಿಲ್ಡಿಂಗಿನ ಮೀಟಿಂಗಿನಲ್ಲಿ ಎಲ್ಲರ ಎದುರು ಕೇಳಿದ: "ಹುಡುಗಗ ಗೊತ್ತಿದ್ದಿಲ್ಲೇನ್ರಿ, ಅಲ್ಲಿ ಏನು ನಡದೈತಿ ಅಂತ?" ಗೊತ್ತಿರಲಿಲ್ಲ ಎಂದೆ. ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. ಮನೆಗೆ ಬಂದು ಕುಳಿತ ಮೇಲೆ, ಅಷ್ಟು ಖಚಿತವಾಗಿ ಹೇಗೆ ಹೇಳಿದೆ ಎಂದು ನನಗೇ ತಿಳಿಯಲಿಲ್ಲ. ಇದಕ್ಕೆ ನೀನು ಏನೂ ಬರೆಯಬೇಡ. ಹೌದೆಂದೂ ಬರೆಯಬೇಡ, ಅಲ್ಲವೆಂದೂ ಬರೆಯಬೇಡ. ಪ್ರಣೀತಾಳ ಮಾತು ನೆನಪಿರಲಿ.

ಈ ಸಲದ ಪದ ಸ್ಮ್ಯೂಸ್. ಬೇಲಿಯಲ್ಲಿ ಮೊಲವೋ ಮುಂಗುಸಿಯೋ ದಿನಾ ನುಸುಳಿ ನುಸುಳಿ ಆಗಿರುತ್ತದಲ್ಲ, ಆ ಕಿಂಡಿ. ನಮ್ಮ ಕಾಂಪೌಂಡಿನ ಹಿಂದೆ ನೀವು ಹುಡುಗರು ಸ್ಟೇಷನ್ನಿಗೆ ಓಡಲು ಮಾಡಿಕೊಂಡಿದ್ದ ತೂತು ಇನ್ನೂ ಇದೆ. ಸೊಸಾಯಿಟಿಯವರು ಮೂರು ಸಲ ಸಿಮೆಂಟು ಹಾಕಿದರು. ಈಗ ಬೇರೆ ಹುಡುಗರು ನುಸುಳುತ್ತಾರೆ. ಅದಕ್ಕೂ ಇಂಗ್ಲಿಷಿನವರು ಒಂದು ಹೆಸರಿಟ್ಟಿದ್ದಾರೆ ಎಂದು ಓದಿ ಬಹಳ ಹೊತ್ತು ನಗುತ್ತಿದ್ದೆ. ನೀನೂ ನಗು.

ಅಪ್ಪ,
ಈರಣ್ಣ


ಜೈಲು, ೧೧ ಜೂನ್ ೨೦೨೫

ಅಪ್ಪಾ,

ಏಪ್ರಿಲ್ಲಿನ ಪತ್ರ ನಿನ್ನೆ ಕೊಟ್ಟರು. ಅದೂ ಝೆರಾಕ್ಸ್. ಮೂಲ ಪ್ರತಿ ಇಲ್ಲಿಲ್ಲ.

ಸ್ಮ್ಯೂಸ್ ಪದದ ಕೆಳಗೆ ಕೆಂಪು ಗೆರೆ ಇದೆ. ನೀವು ಪತ್ರ ಕಳಿಸಿದ್ದು ಜೈಲಿಗೆ, ಅಪ್ಪಾ. ಜೈಲಿನೊಳಗೆ ಇರುವವನಿಗೆ, ಬೇಲಿಯಲ್ಲಿ ನುಸುಳುವ ತೂತಿನ ವಿಷಯ ಬರೆದಿದ್ದೀರಿ. ನಾನು ನಕ್ಕೆ, ಆಮೇಲೆ ನಗು ನಿಂತುಹೋಯಿತು.

ಯಲ್ಲಾಲಿಂಗ ಅವರ ಮೇಲೆ ಸಿಟ್ಟಾಗಬೇಡಿ. ಅವರೇ ಬಂದು ಹೇಳಿದರು: "ತಮ್ಮಾ, ಕನ್ನಡ ಎಲ್ಲಾ ತಿಳೀತು. ಇದೊಂದು ತಿಳೀಲಿಲ್ಲ. ತಿಳೀದದ್ದನ್ನ ಮ್ಯಾಲೆ ಕಳಸ್ಬೇಕು, ಅದು ನನ್ನ ಡ್ಯೂಟಿ." ಮೇಲಿನವರು ತನಿಖೆಯವರಿಗೆ ಕಳಿಸಿದರು. ಅವರು ಹಳೆಯ ಪತ್ರಗಳನ್ನೂ ತರಿಸಿಕೊಂಡು ಎಲ್ಲ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಾರೆ.

ತೂತಿನ ವಿಷಯ ಅವರು ಬೇಗ ಬಿಟ್ಟರು. ಹಿಡಿದುಕೊಂಡಿರುವುದು ಬೇರೆ. ನಮ್ಮ ಮಾಲೀಕ ದುಡ್ಡನ್ನೆಲ್ಲ ಕಂಪ್ಯೂಟರಿನಲ್ಲಿ ಯಾವುದೋ ಬೀಗದೊಳಗೆ ಇಟ್ಟು ಓಡಿದ್ದಾನೆ. ಆ ಬೀಗ ತೆಗೆಯುವ ಕೀಲಿ ಎಂದರೆ ಇಂಗ್ಲಿಷ್ ಪದಗಳ ಒಂದು ಸಾಲು, ಅನುಕ್ರಮವಾಗಿ ಬರೆದರೆ ತೆರೆಯುತ್ತದಂತೆ. ಈಗ ನಮ್ಮ ಪತ್ರ ನೋಡಿ. ಒಂದೊಂದರಲ್ಲಿ ಒಂದೊಂದು ಪದ, ಎಲ್ಲಕ್ಕೂ ಆರೇ ಅಕ್ಷರ, ಯಾರೂ ಬಳಸದ್ದು, ಅಂಚಿನಲ್ಲಿ ದೊಡ್ಡದಾಗಿ ಬರೆದದ್ದು. ಇದು ನಮ್ಮ ಆಟ ಅಂದೆ. ಎಂಥ ಆಟ ಅಂದರು. ಲೋಕಲ್ಲಿನಲ್ಲಿ ಆಡುತ್ತಿದ್ದ ಆಟ ಅಂದೆ. ಬರೆದುಕೊಂಡರು.

ನಿಮ್ಮನ್ನೂ ಕರೆಸುತ್ತಾರಂತೆ. ಹೆದರಬೇಡಿ. ಇದ್ದದ್ದನ್ನು ಹೇಳಿ.

ಬಸು


ದಹಿಸರ್, ೬ ಜುಲೈ ೨೦೨೫

ಬಸು,

ಹೋಗಿ ಬಂದೆ. ಡಿಕ್ಷನರಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಬಾಗಿಲಲ್ಲೇ ಅದನ್ನು ತೆಗೆಸಿ ಇಟ್ಟುಕೊಂಡರು.

ಅಧಿಕಾರಿ ನಿನ್ನ ವಯಸ್ಸಿನವನು. ಕುರ್ಚಿ ಕೊಟ್ಟ, ಚಹಾ ತರಿಸಿದ, ಕಾಕಾ ಎಂದೇ ಕರೆದ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ನಾಲ್ಕು ಮಾತು ಆಡುತ್ತಿದ್ದೆ. ಒಂದೊಂದೇ ಪದ ಓದಿ ಅರ್ಥ ಕೇಳಿದ. ಹೇಳಿದೆ. ಫೋನಿನಲ್ಲಿ ಹುಡುಕಿ ನೋಡಿದ, ಎಲ್ಲ ಸರಿಯಾಗಿತ್ತು. ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತೆಂದು ಹೇಳಲು ನಾಚಿಕೆ. ಆಮೇಲೆ ಅವನು ಫೋನು ಕೆಳಗಿಟ್ಟು ಮರಾಠಿಯಲ್ಲಿ, ಅರ್ಥವೆಲ್ಲ ಬರೋಬರ್ ಇದೆ ಕಾಕಾ, ಆದರೆ ಬರೆದದ್ದು ಯಾಕೆ ಎಂದು ಕೇಳಿದ.

ಯಾಕೆಂದು ಹೇಳಲಿ? ಮಗ ಜೈಲಿನಲ್ಲಿದ್ದಾನೆ, ಏನಾದರೂ ಬರೆಯಬೇಕಲ್ಲ ಸಾಹೇಬರೇ ಎಂದೆ. ಹಾಗಾದರೆ ಮನೆಯ ವಿಷಯ ಬರೆಯಿರಿ, ಅಮ್ಮನ ಆರೋಗ್ಯ ಬರೆಯಿರಿ, ಇಂಥ ಸತ್ತ ಪದ ಯಾವ ತಂದೆ ಬರೆಯುತ್ತಾನೆ ಎಂದ. ನನ್ನ ಬಳಿ ಉತ್ತರ ಇತ್ತು. ಕೇಳಬೇಕಾದ ಒಂದು ಮಾತನ್ನು ಕೇಳಲಾರದೆ ಅದರ ಜಾಗದಲ್ಲಿ ಇವನ್ನೆಲ್ಲ ಬರೆದೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಆ ಮಾತು ಯಾವುದೆಂದು ಅವನು ಕೇಳುತ್ತಿದ್ದ. ನಾನು ಸುಮ್ಮನಿದ್ದದ್ದನ್ನೂ ಅವನು ಬರೆದುಕೊಂಡ.

ಜಾಮೀನು ಸಿಗಲಿಲ್ಲ. ಈ ಪದಗಳ ತನಿಖೆ ಇನ್ನೂ ನಡೆದಿದೆ ಎಂದು ಸರಕಾರದ ವಕೀಲರು ಹೇಳಿದರು. ಮಾಲೀಕನ ಕೀಲಿಯಲ್ಲಿ ಎಷ್ಟು ಪದವಿವೆ, ಯಾವುವು ಎಂದು ಅವರಿಗೇ ಗೊತ್ತಿಲ್ಲವಂತೆ. ಹಾಗಾಗಿ ನಮ್ಮವು ಅದರಲ್ಲಿಲ್ಲ ಎಂದು ನಾವು ಹೇಗೆ ತೋರಿಸುವುದು? ಪ್ರಣೀತಾ ನನ್ನನ್ನು ಬೈಯಲಿಲ್ಲ. ಹಣೆ ಒತ್ತಿಕೊಳ್ಳುತ್ತ, ಅಂಕಲ್, ಹವಾಮಾನ ಬರೆಯಬಹುದಿತ್ತಲ್ಲ ಎಂದಳು.

ನಿನ್ನ ಬಾಗಿಲನ್ನು ನಾನೇ ಮುಚ್ಚಿದೆ ಮಗನೇ. ನಿನ್ನ ಅವ್ವ ಹೀಗೆ ಅನ್ನುವುದಿಲ್ಲ. ಊಟಕ್ಕೆ ಬಡಿಸುತ್ತಾಳೆ, ಎದುರು ಕೂರುವುದಿಲ್ಲ.

ಅಪ್ಪ


ಜೈಲು, ೧೭ ಆಗಸ್ಟ್ ೨೦೨೫

ಅಪ್ಪಾ,

ನಿಮ್ಮ ಹೆಸರು ಈಗ ಕೇಸಿನ ಕಾಗದಗಳಲ್ಲಿ ಬಂದಿರುವುದರಿಂದ ನಿಮಗೆ ಮುಲಾಖಾತ್ ಇಲ್ಲ ಅಂತ ಬಾಗಿಲಲ್ಲಿ ವಾಪಸು ಕಳಿಸಿದರಂತೆ, ಅವ್ವ ಹೇಳಿದಳು. ಮಳೆಯಲ್ಲಿ ಹೊರಗೆ ನಿಂತಿದ್ದಿರಿ ಅಂದಳು. ಇನ್ನು ಬರಬೇಡಿ. ಅವ್ವನ ಜೊತೆ ಸ್ಟೇಷನ್ನಿನ ತನಕ ಬಂದರೆ ಸಾಕು.

ಬಾಗಿಲು ಮುಚ್ಚಿದೆ ಅಂತ ಬರೆಯಬೇಡಿ. ಅವರಿಗೆ ಮಾಲೀಕ ಸಿಗುತ್ತಿಲ್ಲ. ಸಿಕ್ಕಿರುವುದು ನಾವು. ಪದ ಇಲ್ಲದಿದ್ದರೆ ಬೇರೆ ಏನೋ ಸಿಗುತ್ತಿತ್ತು.

ಈಗ ಹೇಳಬೇಕಾದದ್ದು. ಪ್ರಣೀತಾ ಮೇಡಂ ಬಂದಿದ್ದರು. ಒಂದು ದಾರಿ ಇದೆ ಅಂದರು. ಅಲ್ಲಿ ನಡೆಯುತ್ತಿದ್ದದ್ದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕೆಲಸ ಮಾಡಿದೆ ಅಂತ ಸಹಿ ಮಾಡಿ ಕೋರ್ಟಿನಲ್ಲಿ ಒಪ್ಪಿಕೊಂಡರೆ, ಇದು ಮೊದಲ ಕೇಸು ಆದ್ದರಿಂದ, ಒಳಗೆ ಕಳೆದ ದಿನಗಳನ್ನೇ ಶಿಕ್ಷೆ ಅಂತ ಹಿಡಿದು ಬಿಡಬಹುದು. ಪದಗಳ ತನಿಖೆಯೂ ಅಲ್ಲಿಗೆ ಮುಗಿಯುತ್ತದೆ, ನಿಮ್ಮನ್ನು ಮತ್ತೆ ಕರೆಯುವುದಿಲ್ಲ. ಒಪ್ಪದಿದ್ದರೆ ಕೇಸು ನಡೆಯಬೇಕು. ನಮ್ಮ ಬ್ಯಾರಕ್ಕಿನಲ್ಲಿ ಜುನೇದ್ ಅಂತ ಒಬ್ಬ ಇದ್ದಾನೆ, ಧಾರವಾಡದವ. ಅವನ ಕೇಸು ಶುರುವಾಗುವುದನ್ನು ಕಾಯುತ್ತಿದ್ದಾನೆ. ಅವನು ಬಂದಾಗ ಅವನ ಮಗಳು ಹುಟ್ಟಿರಲಿಲ್ಲ, ಈಗ ಶಾಲೆಗೆ ಹೋಗುತ್ತಾಳೆ.

ನಾನು ಇನ್ನೂ ಏನೂ ಹೇಳಿಲ್ಲ. ನೀವು ಏನನ್ನುತ್ತೀರಿ?

ಬಸು


ದಹಿಸರ್, ೩೧ ಆಗಸ್ಟ್ ೨೦೨೫

ಬಸು,

ನಿನ್ನ ಪತ್ರ ಓದಿ ಮುಗಿಸುವ ಮೊದಲೇ ನಿನ್ನ ಅವ್ವ ತೀರ್ಮಾನ ಮಾಡಿಬಿಟ್ಟಳು. "ಸಹಿ ಮಾಡಿ ಮನಿಗೆ ಬಾ ಅಂತ ಬರೀರಿ. ಗೊತ್ತಿತ್ತೋ ಇಲ್ಲೋ, ನನಗೇನ್ ಆಗಬೇಕೈತಿ. ನನ್ನ ಮಗ ನನ್ನ ಕಣ್ಣ ಮುಂದ ಇರ್ಬೇಕು." ಇದು ಅವಳ ಮಾತು. ಒಂದಕ್ಷರವೂ ಬದಲಿಸದೆ ಬರೆದಿದ್ದೇನೆ.

ನನ್ನ ಮಾತು ಬರೆಯಲು ಕುಳಿತಿದ್ದೇನೆ. ಹೊರಗೆ ಗಣಪತಿಯ ಬ್ಯಾಂಡು ಬಾರಿಸುತ್ತಿದ್ದಾರೆ. ನಾನು ಮೂರು ಹಾಳೆ ಹರಿದು ಹಾಕಿದೆ.

ಒಪ್ಪಿಕೊಂಡರೆ ಕೆಲಸ ಎಲ್ಲಿ ಸಿಗುತ್ತದೆ? ಪಾಸ್‌ಪೋರ್ಟು ಸಿಗುವುದಿಲ್ಲ. ಹೆಣ್ಣು ಕೊಡುವವರು ಮೊದಲು ಫೋನಿನಲ್ಲಿ ನಿನ್ನ ಹೆಸರು ಹುಡುಕುತ್ತಾರೆ. ಸೋಮನಾಥ ಮತ್ತೆ ಮೀಟಿಂಗಿನಲ್ಲಿ ಎದ್ದು ನಿಲ್ಲುತ್ತಾನೆ. ಅವನಿಗೆ ನಾನು ಜೋರಾಗಿ ಹೇಳಿದ್ದು ಸುಳ್ಳಾಗುತ್ತದೆ. ಇದೆಲ್ಲ ನಿಜ. ಆದರೆ ಇದಕ್ಕಾಗಿ ನಿನ್ನನ್ನು ಆ ಗಾಳಿಯಿಲ್ಲದ ಕೋಣೆಯಲ್ಲಿ ವರ್ಷಗಟ್ಟಲೆ ಇರು ಎಂದು ಹೇಳಲು ನಾನು ಯಾರು?

ಪ್ರಣೀತಾ ಬೈದರೆ ಬೈಯಲಿ, ಇಷ್ಟು ಬರೆಯುತ್ತೇನೆ. ನೀನು ಕೋರ್ಟಿನಲ್ಲಿ ಹೇಳಬೇಕಾದ ಆ ಮಾತು ಸುಳ್ಳಾಗಿದ್ದರೆ ಸಹಿ ಮಾಡಬೇಡ. ನನ್ನನ್ನು ಅವರು ನೂರು ಸಲ ಕರೆಯಲಿ, ನೂರು ಸಲ ಹೋಗಿ ಆ ಹುಡುಗ ಅಧಿಕಾರಿಯ ಚಹಾ ಕುಡಿದು ಬರುತ್ತೇನೆ. ನನಗಾಗಿ ಸುಳ್ಳು ಒಪ್ಪಿಕೊಳ್ಳಬೇಡ.

ಸುಳ್ಳಲ್ಲದಿದ್ದರೆ ಎಂದು ಶುರುವಾಗುವ ವಾಕ್ಯವನ್ನು ಎಷ್ಟು ಯತ್ನಿಸಿದರೂ ಮುಗಿಸಲಾಗಲಿಲ್ಲ.

ಅಪ್ಪ


ಜೈಲು, ೨೮ ಸೆಪ್ಟೆಂಬರ್ ೨೦೨೫

ಅಪ್ಪಾ,

ಪತ್ರ ಸಿಕ್ಕಿತು. ಯಲ್ಲಾಲಿಂಗ ಅವರು ಕೊಡುವಾಗ ಭುಜದ ಮೇಲೆ ಕೈ ಇಟ್ಟು ಹೋದರು. ಅವರಿಗೆ ಮಗ ಇದ್ದಾನೆ, ಸೋಲಾಪುರದಲ್ಲಿ ಓದುತ್ತಿದ್ದಾನಂತೆ.

ಅಕ್ಟೋಬರ್ ಹದಿನೈದಕ್ಕೆ ನನ್ನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ನಾನು ಒಪ್ಪಿಕೊಳ್ಳುತ್ತೇನೆ. ಮೇಡಂಗೆ ಹೇಳಿಯಾಗಿದೆ.

ನೀವು ಬರೆದದ್ದನ್ನು ಬಹಳ ಸಲ ಓದಿದೆ. ನೀವು ಮುಗಿಸದ ವಾಕ್ಯವನ್ನೂ ಓದಿದೆ. ಉತ್ತರ ಬರೆಯಲು ಇಲ್ಲಿ ಜಾಗವಿಲ್ಲ, ಈ ಹಾಳೆಯನ್ನು ಯಾರ್ಯಾರು ಓದುತ್ತಾರೋ. ಮನೆಗೆ ಬಂದ ಮೇಲೆ ನೀವು ಕೇಳಿದರೆ ಹೇಳುತ್ತೇನೆ ಅಂತ ಬರೆಯಬೇಕು ಅಂದುಕೊಂಡೆ. ಅದೂ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಕೋರ್ಟಿಗೆ ಬರುವುದಾದರೆ ಹಿಂದೆ ಕುಳಿತುಕೊಳ್ಳಿ.

ಬಸು


ದಹಿಸರ್, ೧೬ ಅಕ್ಟೋಬರ್ ೨೦೨೫

ಬಸು,

ನಿನ್ನೆ ಹಿಂದಿನ ಬೆಂಚಿನಲ್ಲಿಯೇ ಕುಳಿತಿದ್ದೆವು. ನ್ಯಾಯಾಧೀಶರು ಹೆಣ್ಣುಮಗಳು, ದನಿ ಮೆತ್ತಗಿತ್ತು. ಆ ಕಂಪನಿ ಜನರಿಗೆ ಮೋಸ ಮಾಡುತ್ತಿದೆ ಎಂದು ನಿನಗೆ ಗೊತ್ತಿತ್ತೇ ಎಂದು ಹಿಂದಿಯಲ್ಲಿ ಕೇಳಿದರು. ಏಳು ತಿಂಗಳಿಂದ ನಾನು ಕೇಳಲಾರದ್ದನ್ನು ಅವರು ಫೈಲಿನಿಂದ ತಲೆ ಎತ್ತದೆಯೇ ಕೇಳಿಬಿಟ್ಟರು. ನೀನು ಜೀ ಎಂದೆ. ಒತ್ತಾಯವಿಲ್ಲದೆ ಹೇಳುತ್ತಿದ್ದೀಯಾ ಎಂದರು. ಅದಕ್ಕೂ ಜೀ ಎಂದೆ. ಎರಡು ಸಲವೂ ನಾನು ನಿನ್ನ ಬೆನ್ನನ್ನೇ ನೋಡುತ್ತಿದ್ದೆ. ಬೆನ್ನಿನಿಂದ ಏನು ತಿಳಿಯುತ್ತದೆ? ನಿನ್ನ ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು, ನೀನು ಜೀ ಎಂದೊಡನೆ ಬಿಟ್ಟು ಎರಡೂ ಕೈ ಮುಗಿದಳು. ಅವಳ ಪಾಲಿಗೆ ಅಲ್ಲಿಗೆ ಎಲ್ಲ ಮುಗಿಯಿತು.

ಆದೇಶ ಜೈಲಿಗೆ ಮುಟ್ಟಿ ನಿನ್ನನ್ನು ಬಿಡುವುದು ಶನಿವಾರ. ಬೆಳಿಗ್ಗೆಯಿಂದ ನಿನ್ನ ಅವ್ವ ಸಾಮಾನೆಲ್ಲ ಹೊರಗೆ ತೆಗೆದು ಮನೆ ಒರೆಸುತ್ತಿದ್ದಾಳೆ. ಅವಲಕ್ಕಿ ಹುರಿದಿಟ್ಟಿದ್ದಾಳೆ, ಎಣ್ಣೆಗಾಯಿಗೆ ಬದನೆಕಾಯಿ ನಾನೇ ತರಬೇಕಂತೆ, ಸಣ್ಣವು. ಸೋಮನಾಥ ಮೆಟ್ಟಿಲಲ್ಲಿ ಸಿಕ್ಕ. ಹುಡುಗ ಬರ್ತಾನಂತಲ್ರಿ, ಚಲೋ ಆತು ಎಂದ. ಬೇರೇನೂ ಕೇಳಲಿಲ್ಲ. ಅವನಿಗೆ ಈಗ ಎಲ್ಲ ತಿಳಿದಿದೆ, ಪೇಪರಿನಲ್ಲಿ ಬಂದಿದೆ. ತಿಳಿಯದೆ ಉಳಿದವನು ನಾನೊಬ್ಬನೇ.

ನೀನು ನಿಜ ಹೇಳಿದೆಯೋ, ನನ್ನನ್ನು ಆ ಅಧಿಕಾರಿಯ ಎದುರಿನ ಕುರ್ಚಿಯಿಂದ ಬಿಡಿಸಲು ಹೇಳಿದೆಯೋ. ನಿಜವಾಗಿದ್ದರೆ ನಾನು ನಿನ್ನನ್ನು ಬೈಯಬೇಕು. ಸುಳ್ಳಾಗಿದ್ದರೆ ನಿನ್ನ ಕಾಲು ಹಿಡಿಯಬೇಕು. ಎರಡರಲ್ಲಿ ಯಾವುದು ಎಂದು ಗೊತ್ತಿಲ್ಲದೆ ಶನಿವಾರ ಜೈಲಿನ ಬಾಗಿಲಲ್ಲಿ ನಿಲ್ಲಬೇಕು. ನೀನು ಹೊರಗೆ ಬಂದಾಗ ಬಾ ಎಂದು ಮಾತ್ರ ಹೇಳುತ್ತೇನೆ. ಆಮೇಲೆ ಮನೆಯಲ್ಲಿ, ತಟ್ಟೆಯ ಮುಂದೆ, ನಿನ್ನ ಅವ್ವ ಎದುರಿಗೆ ಕುಳಿತು ನೀನು ಉಣ್ಣುವುದನ್ನು ನೋಡುತ್ತಿರುವಾಗ ನಾನು ಬಾಯಿ ತೆರೆಯುವುದಿಲ್ಲ. ಮರುದಿನವೂ ತೆರೆಯುವುದಿಲ್ಲ. ನನ್ನನ್ನು ನಾನು ಬಲ್ಲೆ. ನೀನಾಗಿಯೇ ಹೇಳಲು ಬಂದರೆ ಪೇಪರು ಬಿಡಿಸಿಕೊಂಡು ಕೂರುತ್ತೇನೆ.

ಈ ಪತ್ರವನ್ನು ಎಂದಿನಂತೆ ಜೈಲಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಇದು ಅಲ್ಲಿ ಮುಟ್ಟುವಷ್ಟರಲ್ಲಿ ನೀನು ಅಲ್ಲಿರುವುದಿಲ್ಲ. ಕೈದಿ ಬಿಡುಗಡೆಯಾಗಿದ್ದಾನೆ ಎಂದು ಬರೆದು ವಾಪಸು ಕಳಿಸುತ್ತಾರೆ. ಲಕೋಟೆಯ ಹಿಂದೆ ನಮ್ಮ ಮನೆಯ ವಿಳಾಸ ದೊಡ್ಡದಾಗಿ ಬರೆದಿದ್ದೇನೆ. ಟಪಾಲಿನವನು ಬರುವ ಹೊತ್ತಿಗೆ ಕೆಳಗೆ ಗೇಟಿನ ಬಳಿ ನಾನೇ ಇರುತ್ತೇನೆ, ನಿನ್ನ ಕೈಗೆ ಸಿಗಲು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಕೇಳಬಹುದು.

ಬಸು, ನಿನಗೆ ಗೊತ್ತಿತ್ತೇನಪ್ಪಾ?

ನಿನ್ನ ಅಪ್ಪ,
ಈರಣ್ಣ